ಕೆಮ್ಮಿನ ನಂತರದ ಹಾಡು

ಟ್ರಂಕಿನಲ್ಲಿ ಸಿಕ್ಕ ಕ್ಯಾಸೆಟ್ಟನ್ನು ಫೋನಿಗೆ ಹಾಕಿಸಿಕೊಡುತ್ತೇವೆ ಎಂದಿರಲ್ಲ ಮಕ್ಕಳೇ, ಅದಕ್ಕೆ ಮೊದಲು ಇದನ್ನು ಓದಿ. ಬಾಯಿಬಿಟ್ಟು ಹೇಳಲು ನನಗೆ ಆಗದು.

ನಾನು ಎಮ್ಮಿಗನೂರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ನಿಮ್ಮಜ್ಜ ಅದನ್ನು ಹೊಸಪೇಟೆ ಬಸ್ ಸ್ಟ್ಯಾಂಡಿನ ತಳ್ಳುಗಾಡಿಯಿಂದ ಕೊಂಡು ತಂದರು. ಆ ವರ್ಷ ಹೆಸರಾದ ಸಿನಿಮಾ ಹಾಡುಗಳೆಲ್ಲ ಒಂದರಲ್ಲೇ ಇದ್ದವು. ಅಗ್ಗದ ಮಾಲು, ಹಾಡಿದವರು ಬೇರೆ ಯಾರೋ. ಅದರಲ್ಲೊಬ್ಬ ಹೆಣ್ಣುಮಗಳ ದನಿ ಸ್ವಲ್ಪ ಒಡಕು. ನನಗೆ ಅದೇ ರೂಢಿಯಾಗಿ, ಮುಂದೆ ರೇಡಿಯೋದಲ್ಲಿ ಮೂಲ ಹಾಡು ಕೇಳಿದಾಗ ಅದೇ ತಪ್ಪೆನಿಸಿತು. ರೊಟ್ಟಿ ಬಡಿಯುವ ಸದ್ದಿನ ಮರೆಯಲ್ಲಿ ಅವಳ ಜೊತೆ ನಾನೂ ಹಾಡುತ್ತಿದ್ದೆ.

ನನ್ನ ನೆಗೆಣ್ಣಿ, ಮನೆಯ ಹಿರಿ ಸೊಸೆ, ನಿಮ್ಮ ದೊಡ್ಡಜ್ಜಿ, ಓಣಿಗೆಲ್ಲ ಸೋಬಾನೆ ಹಾಡುವವಳು. ನಾನು ತವರಿಗೆ ಹೋದಾಗ ಮೇಲೆ ಬೇರೇನೂ ರೆಕಾರ್ಡ್ ಆಗದಂತೆ ಕ್ಯಾಸೆಟ್ಟಿನ ಅಂಚಿನಲ್ಲಿ ಬಿಟ್ಟ ತೂತುಗಳಿಗೆ ಕಾಗದ ತುರುಕಿ, ನನ್ನ ಹಾಡುಗಳ ಮೇಲೆ ತನ್ನ ಹಾಡು ತುಂಬಿಸಿಬಿಟ್ಟಿದ್ದಳು.

“ಡುಪ್ಲಿಕೇಟ್ ಹಾಡಿಗೆ ಯಾಕ ಅಳ್ತೀಯಲೇ? ಈಗ ಅದರಾಗ ಅಸಲಿ ಅದಾವ,” ಎಂದಳು.

ಆದರೆ ಹಾಡು ಮುಗಿದರೆ ಮಷಿನ್ನೂ ನಿಲ್ಲುತ್ತದೆಂದು ತಿಳಿದು ಅವಳು ರೆಕಾರ್ಡಿನ ಕೆಂಪು ಗುಂಡಿಯನ್ನು ಒತ್ತಿದಂತೆಯೇ ಬಿಟ್ಟಿದ್ದಳು. ಕೊನೆಯ ಹಾಡಿನ ಬಳಿಕ ಒಂದು ಕೆಮ್ಮು. ಆಮೇಲೆ ಪಕ್ಕದ ಮನೆಯವಳಿಗೆ ಅವಳು ಹೇಳಿದ ಮಾತು:

“ನಮ್ಮತ್ತಿ ಹಾಡಾಕ ಸುರು ಮಾಡಿದ್ರ ಕಟ್ಟಿದ ಎಮ್ಮಿ ಹಗ್ಗ ಹರಕೊಂಡು ಓಡ್ತಾವ ನೋಡವ್ವ.”

ಇಬ್ಬರ ನಗು, ಟಕ್ ಎಂಬ ಸದ್ದು. ಅಲ್ಲಿಂದ, ಹಳೆಯ ಹಾಡೊಂದರ ಅರ್ಧ ಸಾಲಿನಿಂದ, ನನ್ನ ಒಡಕು ದನಿಯವಳು. ಉಳಿದದ್ದು ಆ ಒಂದೇ ತುಣುಕು.

ಬಂದವರಿಗೆಲ್ಲ ತನ್ನ ಹಾಡು ಕೇಳಿಸೆನ್ನುತ್ತಿದ್ದಳು. ನಾನು ಹಚ್ಚಿ, ಕೆಮ್ಮು ಬರುತ್ತಲೇ ನಿಲ್ಲಿಸುತ್ತಿದ್ದೆ. ಕಾದೆ. ಗೌರಿ ಹುಣ್ಣಿಮೆಗೆ ಸಂಡೂರಿನಿಂದ ಅವಳ ತವರಿನವರು ಬಂದರು. ನಡುವೆ ಅತ್ತೆ ಕುಳಿತಿದ್ದರು. ಅಂದು ಕೆಮ್ಮು ಬಂದಾಗ ನಾನು ಮೇಲೇಳಲಿಲ್ಲ. ಸಕ್ಕರೆ ಗೊಂಬೆಗಳನ್ನು ಆರತಿ ತಟ್ಟೆಯಲ್ಲಿ ಜೋಡಿಸುತ್ತ ಕುಳಿತೆ.

ಎಮ್ಮೆಯ ಮಾತು ಮುಗಿದ ಮೇಲೆ ಅತ್ತೆ ಆರತಿ ತಟ್ಟೆಯನ್ನು ನೆಗೆಣ್ಣಿಯತ್ತ ಸರಿಸಿದರು.

“ಇವತ್ತಿಂದ ಆರತಿ ಹಾಡು ಸಣ್ಣಾಕಿ ಹೇಳ್ಲಿ. ದೊಡ್ಡಾಕಿ ತಟ್ಟಿ ಹಿಡೀಲಿ.”

ಹಾಡಿದೆ, ಒಡಕು ದನಿಯವಳ ಧಾಟಿಯಲ್ಲೇ. ನೆಗೆಣ್ಣಿ ತಲೆತಗ್ಗಿಸಿ ತಟ್ಟೆ ಹಿಡಿದಿದ್ದಳು. ಅತ್ತೆ ಹೋದ ಮೇಲೂ ಆ ಪದ್ಧತಿಯನ್ನು ನಾನು ಬದಲಿಸಲು ಬಿಟ್ಟಿಲ್ಲ.

ಆದರೂ ನನ್ನ ಹೊಟ್ಟೆ ತಣ್ಣಗಾಗಿಲ್ಲ. ಅಳಿಸಿದ ಹಾಡುಗಳು ಎಲ್ಲಿಯೂ ಮತ್ತೆ ಸಿಗಲಿಲ್ಲ.

ಫೋನಿಗೆ ಹಾಕಿಸಿ. ಕಂಪ್ಲಿಯಿಂದ ದೊಡ್ಡಜ್ಜಿ ಬಂದಾಗ, ಈಗ ಅವಳಿಗೆ ಕಿವಿ ಮಂದ, ಜೋರಾಗಿ ಹಚ್ಚಿ. ಕೆಮ್ಮು ಬಂದಲ್ಲಿ ನಿಲ್ಲಿಸಬೇಡಿ.