ಗಣಿಯೂರಿನಲ್ಲಿ ಖಾಲಿಯಾದ ರೀಲು

ಚಿನ್ನ ಮುಗಿದ ಮೇಲೆ ಜನ ಬಿಟ್ಟುಹೋದ ಗಣಿಯೂರನ್ನು ನೋಡೋಣ ಬಾ ಎಂದು ಗಂಡ ಕರೆದಾಗಲೇ ನನಗೆ ಅನುಮಾನ ಬಂದಿತ್ತು. ಜರ್ಮನಿಯವರು ಕಂಪ್ಯೂಟರ್ ಕೆಲಸದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಅಲ್ಲಿನ ಬೋಬ್ಲಿಂಗೆನ್ ಊರಿಗೆ ಬಂದ ಲಾಗಾಯ್ತಿನಿಂದ ಭಾನುವಾರ ಸೋಫಾ ಬಿಟ್ಟು ಏಳದ ಮನುಷ್ಯ, ಅವತ್ತು ಚಿತ್ರಾನ್ನ ಕಟ್ಟಿಸಿಕೊಂಡು, ರೈಲು ಬದಲಿಸಿ ಬದಲಿಸಿ ಆ ಕಾಡಿನ ಮೂಲೆಗೆ ಕರೆತಂದಿದ್ದರು.

ಆ ವರ್ಷ ಅವರ ಆಫೀಸಿನಿಂದ ನಮ್ಮ ದೇಶದವರು ಕೆಲಸ ಕಳೆದುಕೊಂಡು ಒಬ್ಬೊಬ್ಬರಾಗಿ ಊರಿಗೆ ವಾಪಸಾಗುತ್ತಿದ್ದರು. ‘ನಿಮ್ದು ಹೇಗೆ?’ ಎಂದು ನಾನು ಕೇಳಿದಾಗಲೆಲ್ಲ ಇವರು ‘ನಂದೇನೇ, ಪ್ರಾಜೆಕ್ಟ್ ನಡೀತಿದೆಯಲ್ಲ’ ಎನ್ನುತ್ತಿದ್ದರು. ನಾನೋ ಬಸ್ಸಿನಲ್ಲಿ ಜರ್ಮನ್‌ನಲ್ಲೇ ಜಗಳವಾಡುವಷ್ಟು ಕಲಿತಿದ್ದೆ. ನನಗೆ ಅಲ್ಲೇ ಉಳಿಯುವ ಆಸೆಯಿತ್ತು.

ಗಣಿಯೂರಿಗೆ ಇದ್ದದ್ದು ಒಂದೇ ಬೀದಿ. ಮನೆಗಳೆಲ್ಲ ಮ್ಯೂಸಿಯಂನವರು ಒರೆಸಿಟ್ಟಂತಿದ್ದವು. ಒಂದು ಅಡುಗೆಮನೆಯ ಒಲೆಯ ಮೇಲೆ ತಾಮ್ರದ ಕೆಟಲ್ ಕೂಡ ಇತ್ತು. ಇಷ್ಟು ಒಳ್ಳೆಯ ಕೆಟಲನ್ನು ಯಾವ ಹೆಂಗಸಾದರೂ ಬಿಟ್ಟುಹೋಗುತ್ತಾಳೆಯೇ? ನಾನಂತೂ ನಂಬಲಿಲ್ಲ.

ಗಂಡನ ಮೇಲಂತೂ ನಂಬಿಕೆ ಇನ್ನೂ ಕಮ್ಮಿಯಾಯಿತು. ಕ್ಯಾಮೆರಾದ ಒಂದು ರೀಲನ್ನು ಸಂಕ್ರಾಂತಿಯಿಂದ ದೀಪಾವಳಿವರೆಗೆ ಎಳೆಯುವ ಜಿಪುಣ, ಅವತ್ತು ಬಾಗಿಲು ಬಾಗಿಲಿಗೂ ನನ್ನನ್ನು ನಿಲ್ಲಿಸಿ ಕ್ಲಿಕ್ಕಿಸಿದ್ದೇ ಕ್ಲಿಕ್ಕಿಸಿದ್ದು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದುಕೊಂಡೆ.

‘ಏನ್ರೀ ಸಮಾಚಾರ?’ ಎಂದೆ.

‘ಏನಿಲ್ವಲ್ಲ. ಆ ಕೆಟಲ್ ಪಕ್ಕ ನಿಂತ್ಕೋ.’ ಕ್ಯಾಮೆರಾ ಕಣ್ಣಿಗೆ ಹಿಡಿದುಕೊಂಡೇ ಸೇರಿಸಿದರು, ‘ಶುಕ್ರವಾರಕ್ಕೆ ಒಂದಿಷ್ಟು ಕೇಸರಿಬಾತ್ ಮಾಡ್ಕೊಡ್ತೀಯಾ? ಟೀಮಿಗೆಲ್ಲಾ ಆಗೋಷ್ಟು.’

ಜರ್ಮನಿಯ ಆಫೀಸುಗಳಲ್ಲಿ ಹುಟ್ಟುಹಬ್ಬಕ್ಕೆ ಸಿಹಿ ತಂದು ಹಂಚಬೇಕಾದವನು ಹುಟ್ಟುಹಬ್ಬದವನೇ. ಕೆಲಸ ಬಿಟ್ಟುಹೋಗುವ ದಿನವೂ ಅಷ್ಟೇ, ಹೋಗುವವನೇ ಎಲ್ಲರಿಗೂ ತಿನ್ನಿಸಿ ಹೋಗಬೇಕು. ಇವರ ಹುಟ್ಟುಹಬ್ಬಕ್ಕೆ ಹೋದ ತಿಂಗಳಷ್ಟೇ ಮೈಸೂರುಪಾಕು ಮಾಡಿ ಕಳಿಸಿದ್ದೆ.

‘ಯಾವತ್ತು ಹೇಳಿದ್ರು ನಿಮಗೆ?’

‘ಗುರುವಾರ.’

ಸಿಟ್ಟು ಬಂತು, ಅದರ ಬೆನ್ನಿಗೇ ಅಳುವೂ ಬಂತು. ನಾಲ್ಕು ದಿನ ಊಟಕ್ಕೆ ಎದುರಿಗೇ ಕೂತಿದ್ದೆ, ನನಗೊಂದು ಮಾತು ಹೇಳಬಾರದಿತ್ತೇ?

‘ಸ್ವಲ್ಪ ನಗೇ,’ ಎಂದರು. ‘ರೀಲಲ್ಲಿ ಇದೊಂದೇ ಉಳಿದಿರೋದು.’

‘ಮೊದಲು ಆ ಕ್ಯಾಮೆರಾ ಇಳಿಸ್ರೀ.’

ಇಳಿಸಲಿಲ್ಲ. ಕಣ್ಣಿಗೆ ಇನ್ನಷ್ಟು ಒತ್ತಿ ಹಿಡಿದುಕೊಂಡರು. ಅವರು ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅವತ್ತೂ ನೋಡಲು ಬಿಡಲಿಲ್ಲ.