ಹೌನ್ಸ್ಲೋದಿಂದ ಹಿಮಶಿಖರಕ್ಕೆ

ವೇಲ್ಸಿನ ದೊಡ್ಡ ಬೆಟ್ಟದ ಮೇಲೆ ವರ್ಷದ ಮೊದಲ ಹಿಮ ಬಿದ್ದಿದೆ, ಅದನ್ನು ಹತ್ತಲೇಬೇಕು ಎಂದು ನನ್ನ ಧಾರವಾಡದ ಗೆಳೆಯ ಹೌನ್ಸ್ಲೋದ ನಮ್ಮ ಫ್ಲ್ಯಾಟಿಗೆ ಬಂದು ಸಾರಿದ. ಆಫೀಸಿನ ಲಿಫ್ಟ್ ಕೆಟ್ಟ ದಿನ ಮನೆಯಿಂದಲೇ ಕೆಲಸ ಮಾಡುವ ಮನುಷ್ಯ. ಆದರೆ ಮೂರು ವಾರ ವಿಡಿಯೊ ನೋಡಿ ಪರ್ವತಾರೋಹಣದಲ್ಲಿ ಪಾರಂಗತನಾಗಿದ್ದ. ಹೆಲ್ಮೆಟ್ಟು, ಹಿಮಗೊಡಲಿ, ಬೂಟಿಗೆ ಬಿಗಿಯುವ ಉಕ್ಕಿನ ಮುಳ್ಳುಗಳು, ಎಲ್ಲವನ್ನೂ ನಮ್ಮಿಬ್ಬರಿಗೂ ತರಿಸಿದ್ದ.

ನನ್ನ ಹೆಂಡತಿ ತಾನೂ ಬರುತ್ತೇನೆಂದಳು. ಇದು ಹುಡುಗಾಟವಲ್ಲ, ಬೇಕಿದ್ದರೆ ಬೆಟ್ಟದ ಕೆಳಗಿನ ಕೆಫೆಯಲ್ಲಿ ಕೂತಿರಬಹುದು ಎಂದು ಅವನು ಬಹಳ ಮೃದುವಾಗಿ ತಿಳಿಹೇಳಿದ. ಅವಳು ನರ್ಸ್. ದಿನವಿಡೀ ವಾರ್ಡಿನಿಂದ ವಾರ್ಡಿಗೆ ನಡೆಯುವವಳು. ಚಪಾತಿ ಕಟ್ಟಿಕೊಂಡು ಕಾರು ಹತ್ತಿದಳು.

ಕೆಫೆ ಮುಚ್ಚಿತ್ತು. ಅವಳೂ ನಮ್ಮ ಹಿಂದೆ ನಡೆದಳು.

ಮೊದಲ ಒಂದು ಗಂಟೆ ಗೆಳೆಯ ಸರಿಯಾದ ಉಸಿರಾಟದ ಬಗ್ಗೆ ಬೋಧಿಸಿದ. ಹಿಮದ ನೆಲ ಶುರುವಾದಾಗ ಅವನಿಗೇ ಉಸಿರು ಸಾಲದೆ ಬೋಧನೆ ನಿಂತಿತು. ನಾವಿಬ್ಬರು ಮುಳ್ಳು ಬಿಗಿದುಕೊಂಡು, ಅವಳು ಬರಿ ಬೂಟಿನಲ್ಲೇ, ಇನ್ನಷ್ಟು ಹತ್ತಿದೆವು. ಒಂದು ಬದಿಯಲ್ಲಿ ನೆಲವೇ ಕಡಿದು ಬಿದ್ದಂತಿದ್ದ ಬೆಟ್ಟದ ಇಕ್ಕಟ್ಟಾದ ಅಂಚು ಎದುರಾದಾಗ, ಅವನು ಬಂಡೆಯೊಂದನ್ನು ತಬ್ಬಿಕೊಂಡು ಕೂತುಬಿಟ್ಟ.

"ವೆದರ್ ಯಾಕೋ ಸರಿ ಇಲ್ಲ ಅನಸ್ತದ," ಎಂದ. ಆಕಾಶ ತೊಳೆದಿಟ್ಟಂತಿತ್ತು.

ಅಷ್ಟರಲ್ಲಿ ಎಪ್ಪತ್ತು ದಾಟಿದ ಮೂವರು ಇಂಗ್ಲಿಷ್ ಹೆಂಗಸರು ಹಿಂದಿನಿಂದ ಬಂದರು. ಅವನಿಗೆ ಫ್ಲಾಸ್ಕಿನ ಚಹಾ ಕುಡಿಸಿ, ನಿಧಾನವಾಗಿ ಇಳಿಯಿರಿ ಎಂದರು. ನಿಮ್ಮ ಜೊತೆ ಬರಲೇ ಎಂದು ನನ್ನ ಹೆಂಡತಿ ಕೇಳಿದಳು. ಅವಳ ಬೂಟು ನೋಡಿ, ಮುಳ್ಳಿದ್ದರೆ ಬಾ ಎಂದರು. ಅವಳು ನನ್ನತ್ತ ತಿರುಗಿದಳು.

"ರೀ, ನೀವು ಬರ್ತೀರಾ? ಇಲ್ಲಾಂದ್ರೆ ನಿಮ್ದು ಬಿಚ್ಚಿ ಕೊಡಿ."

ಗೆಳೆಯನನ್ನು ಒಬ್ಬನೇ ಬಿಡುವುದು ತಪ್ಪಾಗುತ್ತದೆ ಎನ್ನುತ್ತ ನಾನು ಮುಳ್ಳುಗಳನ್ನು ಬಿಚ್ಚಿದ ವೇಗ ಕಂಡು ನನಗೇ ನಾಚಿಕೆಯಾಯಿತು.

ನಾವಿಬ್ಬರೂ ಅರ್ಧ ದಾರಿ ಕುಂಡೆಯ ಮೇಲೆ ಜಾರುತ್ತಲೇ ಇಳಿದು ಕಾರಿನಲ್ಲಿ ಕೂತೆವು. ಮೂರು ಗಂಟೆಯ ನಂತರ ಅವಳು ಕೆಂಪಗಾದ ಮುಖ ಹೊತ್ತು ಬಂದಳು. ಶಿಖರದ ಕಲ್ಲು ಮುಟ್ಟಿದೆ ಎಂದಷ್ಟೇ ಹೇಳಿ, ನಿದ್ದೆಹೋದಳು.

ಮುಂದಿನ ಭಾನುವಾರ ರೇನರ್ಸ್ ಲೇನ್ ಬಡಾವಣೆಯಲ್ಲಿ ಪರಿಚಿತರ ಮನೆಯ ಊಟ. ಗೆಳೆಯ ಎಲ್ಲರ ನಡುವೆ ಕೂತು, ನಾವು ಹೇಗೆ ಹತ್ತಿದೆವೆಂದು ರೋಮಾಂಚನವಾಗುವಂತೆ ವರ್ಣಿಸಿದ. ತುದಿಯಲ್ಲಿ ಏನಿತ್ತು ಎಂದು ಆ ಮನೆಯ ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು. ಅವನು ಇನ್ನಷ್ಟು ಪಾಯಸ ಬಡಿಸಿಕೊಳ್ಳತೊಡಗಿದ.

"ಸಿಕ್ಕಾಪಟ್ಟೆ ಗಾಳಿ ಇತ್ತು ಪುಟ್ಟಿ," ಎಂದಳು ನನ್ನ ಹೆಂಡತಿ. "ಆ ಅಜ್ಜಿಯರು ಮುಂದಿನ ತಿಂಗಳು ಇನ್ನೊಂದು ಬೆಟ್ಟಕ್ಕೆ ಕರ್ದಿದಾರೆ. ಹೋಗ್ತಿದೀನಿ."

ಹೋದಳು ಕೂಡ. ಆ ದಿನ ನಾನು ಮನೆಯಲ್ಲಿ ಅನ್ನ, ಸಾರು ಮಾಡಿಟ್ಟೆ.