ಆ ವರ್ಷ ಅಪ್ಪ ತಗಡಿನ ಮೇಲೆ ಏರಲಿಲ್ಲ

ಮಾಳಮಡ್ಡಿಯ ನಮ್ಮ ಓಣಿಯಲ್ಲಿ ತಗಡು ಹೊದಿಸಿದ ಮನೆ ನಮ್ಮದೊಂದೇ. ಉಳಿದವರದು ಮಂಗಳೂರು ಹಂಚು, ಇಲ್ಲವೆ ಮಣ್ಣಿನ ಮಾಳಿಗೆ. ಅಪ್ಪ ಸಾಲಿ ಮಾಸ್ತರ. ನಾನು ಕೂಸಾಗಿದ್ದಾಗ ಒಂದು ಮಳೆಗಾಲದಲ್ಲಿ ನಮ್ಮ ಮಾಳಿಗೆ ಅಡುಗೆಮನೆಯೊಳಗೆ ಕುಸಿದುಬಿತ್ತಂತೆ. ಇನ್ನು ಮಣ್ಣಿನ ಸಹವಾಸ ಬೇಡವೆಂದು ಅಪ್ಪ ತಗಡು ಹಾಕಿಸಿದ. ಬೇಸಿಗೆಯ ಮಧ್ಯಾಹ್ನ ಒಳಗೆ ಕೂರಲಾಗುತ್ತಿರಲಿಲ್ಲ. ಜೋರು ಮಳೆಯಲ್ಲಿ ಎದುರಿಗಿದ್ದವರ ಮಾತೂ ಕೇಳಿಸುತ್ತಿರಲಿಲ್ಲ. ಆದರೂ ಒಂದು ಹನಿ ಸೋರುವುದಿಲ್ಲವೆಂಬುದು ಅಪ್ಪನ ಹೆಮ್ಮೆಯಾಗಿತ್ತು.

ಆ ಹೆಮ್ಮೆಯ ಹಿಂದೆ ದುಡಿಮೆಯೂ ಇತ್ತು. ಪ್ರತಿ ವೈಶಾಖದಲ್ಲಿ, ಬಿಸಿಲೇರಿ ತಗಡು ಕಾಯುವ ಮೊದಲೇ, ಅಪ್ಪ ಏಣಿ ಹಚ್ಚಿ ಮೇಲೇರುತ್ತಿದ್ದ. ಸಡಿಲಾದ ಮೊಳೆಗಳನ್ನು ಬಡಿದು ಬಿಗಿಮಾಡುವುದು, ತುಕ್ಕು ಹಿಡಿದವನ್ನು ಕಿತ್ತು ಹೊಸವನ್ನು ಹೊಡೆಯುವುದು, ತೂತುಗಳಿಗೆ ಡಾಂಬರು ಮೆತ್ತುವುದು. ನನ್ನ ಕೆಲಸ ಒಳಗೆ. ಕದ, ಕಿಟಕಿ ಮುಚ್ಚಿ ಕತ್ತಲೆ ಮಾಡಿಕೊಂಡು ತಲೆಯೆತ್ತಿ ನೋಡಿದರೆ, ತೂತಿದ್ದಲ್ಲಿ ಸಾಸಿವೆ ಕಾಳಿನಷ್ಟು ಬೆಳಕು ಕಾಣುತ್ತಿತ್ತು. ಅಲ್ಲಿಗೆ ಬಿದಿರುಕೋಲಿನಿಂದ ತಟ್ಟುತ್ತಿದ್ದೆ. ಮೇಲಿನಿಂದ ಅಪ್ಪ, “ಇಲ್ಲೇ ಏನು?” ಎಂದು ಕೂಗಿ ಕೇಳುತ್ತಿದ್ದ.

ನನಗೆ ಹದಿನಾಲ್ಕು ತುಂಬಿದ ವರ್ಷ ಅಪ್ಪ ನನ್ನನ್ನು ಕರೆಯಲಿಲ್ಲ. ಒಂದು ಮುಂಜಾನೆ ನೀರು ಸೇದಿಕೊಂಡು ಬರುವಾಗ, ಅವನು ಏಣಿಯ ನಾಲ್ಕನೇ ಮೆಟ್ಟಿಲಲ್ಲಿ ನಿಂತಿದ್ದನ್ನು ಕಂಡೆ. ಎರಡೂ ಕೈಯಿಂದ ಏಣಿಯನ್ನು ಅಪ್ಪಿಕೊಂಡು, ಕಣ್ಣು ಮುಚ್ಚಿದ್ದ. ಅಂಗಿಯ ಬೆನ್ನು ಬೆವರಿನಿಂದ ತೊಯ್ದಿತ್ತು. ಬಹಳ ಹೊತ್ತು ಹಾಗೇ ನಿಂತು, ಒಂದೊಂದೇ ಹೆಜ್ಜೆಯಾಗಿ ಇಳಿದ. ಊಟಕ್ಕೆ ಕೂತಾಗ ಅವ್ವ, “ತಗಡಿನ ಕೆಲಸ ಆತೇನು?” ಎಂದು ಕೇಳಿದಳು.

“ಆತು. ಎಲ್ಲಾ ಘಟ್ಟಿ ಐತಿ,” ಎಂದ ಅಪ್ಪ.

ನಾನು ರೊಟ್ಟಿ ಮುರಿಯುತ್ತ ಸುಮ್ಮನಿದ್ದೆ. ಅಪ್ಪ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಸಂಜೆಯ ಹೊತ್ತಿಗೆ, ಮಳೆಗಾಲಕ್ಕೆ ಮುಂಚೆ ಬರುವ ಅಡ್ಡಮಳೆಯ ಗಾಳಿ ಎದ್ದಿತು. ಓಣಿಯ ತುಂಬ ಕೆಂಧೂಳಿ. ಪಕ್ಕದ ಮನೆಯ ಅಜ್ಜಿ ಒಣಹಾಕಿದ್ದ ಸಂಡಿಗೆಯನ್ನು ಬಾಚಿಕೊಳ್ಳಲು ತನ್ನ ಮಾಳಿಗೆ ಏರಿದ್ದಳು. ನಮ್ಮ ಮನೆಯ ಮೇಲೆ ಕಬ್ಬಿಣ ಹರಿದಂಥ ಸಪ್ಪಳವಾಯಿತು. ಪಡಸಾಲೆಯಲ್ಲಿ ಕೂತಿದ್ದ ನಮ್ಮ ಮೇಲೆ ಒಮ್ಮೆಲೇ ಬೆಳಕು ಬಿತ್ತು. ತಲೆಯೆತ್ತಿದರೆ ಆಕಾಶ. ಮರುಕ್ಷಣವೇ ಅಜ್ಜಿಯ ಕೂಗು ಕೇಳಿಸಿತು.

ನಮ್ಮ ಮನೆಯಿಂದ ಹಾರಿದ ತಗಡಿನ ಅಂಚು ಅವಳ ಬಲಗೈಯನ್ನು ಮಣಿಕಟ್ಟಿನ ಹತ್ತಿರ ಕೊಯ್ದಿತ್ತು. ಅಪ್ಪನೇ ಅವಳನ್ನು ಟಾಂಗಾದಲ್ಲಿ ಕೂರಿಸಿಕೊಂಡು ದವಾಖಾನೆಗೆ ಒಯ್ದ. ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ನರ ಕತ್ತರಿಸಿದ್ದರಿಂದ ಹೆಬ್ಬೆರಳೂ ತೋರುಬೆರಳೂ ಮತ್ತೆ ಮಡಚಲಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ಊರವರಿಗೆ ಹಳೆ ಬಟ್ಟೆ ಕೂಡಿಸಿ ಹೊದೆಯುವ ಕೌದಿ ಹೊಲಿದುಕೊಟ್ಟು ಬಾಳುವೆ ಮಾಡಿದ ಹೆಂಗಸು ಅವಳು. ಮಗಳನ್ನು ಮುಗದ ಹಳ್ಳಿಗೆ ಮದುವೆ ಮಾಡಿಕೊಟ್ಟು ಒಬ್ಬಳೇ ಇದ್ದಳು.

ಓಣಿಯವರೆಲ್ಲ ಬಂದು ಅಪ್ಪನಿಗೇ ಸಮಾಧಾನ ಹೇಳಿದರು. “ಗಾಳಿ ಯಾರ ಕೈಯಾಗ ಐತ್ರಿ ಮಾಸ್ತರ? ನೀವರ ಏನ ಮಾಡ್ತಿದ್ರಿ?” ಅಪ್ಪ ತಲೆಯಾಡಿಸುತ್ತಿದ್ದ. ಮೂರು ದಿನ ಅದನ್ನು ನೋಡಿದೆ. ನಾಲ್ಕನೆಯ ದಿನ ಹಿತ್ತಲಲ್ಲಿ ಅವನೊಬ್ಬನೇ ಇದ್ದಾಗ ಹೋಗಿ ನಿಂತೆ.

“ಅಪ್ಪಾ, ಈ ವರ್ಷ ನಾ ಕೋಲು ಹಿಡೀಲಿಲ್ಲ.”

ಅವನು ನನ್ನ ಮುಖ ನೋಡಿದ. “ನೀ ನೋಡೀ ಏನು?”

“ನೋಡೇನಿ. ಏಣಿ ಮ್ಯಾಲೆ ನಿಂತಿದ್ದಿ.”

ಅಪ್ಪ ಬಾವಿಯ ಕಟ್ಟೆಯ ಮೇಲೆ ಕೂತುಬಿಟ್ಟ. “ಏರಿದ್ರ ತಲಿ ತಿರುಗ್ತೈತಿ. ಒಂದ ವರ್ಷಾತು. ನಿಮ್ಮವ್ವಗೂ ಹೇಳಿಲ್ಲ. ಸಾಲ್ಯಾಗ ತಿಳಿದ್ರ ಮನಿಗೆ ಕಳಸ್ತಾರ ಅಂತ ಅಂಜಿದೆ.” ಬಾವಿಯೊಳಗೆ ನೋಡುತ್ತ, “ಬ್ಯಾರೇವ್ರನ್ನ ಕರಸಬಹುದಿತ್ತು. ಕರಸಿದ್ರ ಯಾಕಂತ ಕೇಳ್ತಿದ್ರು,” ಎಂದ.

ನಾನೂ ಯಾರಿಗೂ ಹೇಳಿರಲಿಲ್ಲ.

ಮರುದಿನ ಅಪ್ಪ ನನ್ನನ್ನೂ ಕರೆದುಕೊಂಡು ಅಜ್ಜಿಯ ಮನೆಗೆ ಹೋದ. ಕುಳಿತುಕೊಳ್ಳಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದ, ಊಟಕ್ಕೆ ಕೂತಾಗ ಅವ್ವನ ಮುಂದೆ ಆಡಿದ ಸುಳ್ಳನ್ನೂ ಬಿಡದೆ. ಅಜ್ಜಿ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು.

“ಗಾಳಿ ಮಾಡಿದ್ದು ಅಂತ ತಿಳಕೊಂಡಿದ್ದೆ ಮಾಸ್ತರ,” ಎಂದಳು ಕೊನೆಗೆ. “ಗಾಳಿ ಮ್ಯಾಲೆ ಸಿಟ್ಟಾಗಿ ಏನ ಮಾಡೋದು ಅಂತ ಸುಮ್ಮಕಿದ್ದೆ. ಈಗ ಯಾರ ಮ್ಯಾಲೆ ಸಿಟ್ಟಾಗಬೇಕು ಅನ್ನೋದು ತಿಳೀತು. ಇವತ್ತ ಹೋಗ್ರಿ.”

ಅಪ್ಪ ಕೈಮುಗಿದು ಹೊರಬಂದ.

ಮಳೆಗಾಲ ಬಾಗಿಲಿಗೆ ಬಂದಿತ್ತು. ಯುದ್ಧದ ದಿನಗಳು; ಹೊಸ ತಗಡು ಹುಬ್ಬಳ್ಳಿಯಲ್ಲೂ ಸಿಗಲಿಲ್ಲ. ಸೊಟ್ಟಗಾದ ಅದೇ ತಗಡನ್ನು ಕಮ್ಮಾರ ಬಡಿದು ನೆಟ್ಟಗೆ ಮಾಡಿ, ಹಾರಿಹೋದ ಜಾಗದಲ್ಲೇ ಮತ್ತೆ ಕೂರಿಸಿಕೊಟ್ಟ. ಉಳಿದ ಮೊಳೆಗಳನ್ನು ನೋಡುವ ಕೆಲಸ ಬಾಕಿಯಿತ್ತು. “ನಾ ಏರ್ತೀನಿ,” ಎಂದೆ. ಅವ್ವ ಒಪ್ಪಲಿಲ್ಲ. “ಹೆಣ್ಣ ಹುಡುಗಿ ಮನಿ ಮ್ಯಾಲೆ ಏರಿ ಕುಂತ್ರ ಓಣ್ಯಾಗ ಏನಂದಾರು?” ಅಪ್ಪ, “ಅನ್ಲಿ ಬಿಡು. ಅದಕ್ಕೂ ಹೆಚ್ಚಿಂದು ನನಗ ಅಂದಾರ,” ಎಂದ. ಅಷ್ಟರಲ್ಲಿ ಅಜ್ಜಿಗೆ ಹೇಳಿದ ಸಂಗತಿ ಓಣಿಗೆಲ್ಲ ಹರಡಿತ್ತು; ಅಪ್ಪ ಹೆಡ್ ಮಾಸ್ತರರಿಗೂ ತನ್ನ ತಲೆತಿರುಗಿನ ಸಂಗತಿ ಹೇಳಿದ್ದ. ಅವರು ಅವನನ್ನು ಮನೆಗೆ ಕಳಿಸಲಿಲ್ಲ. ಮಹಡಿಯ ವರ್ಗದಿಂದ ಕೆಳಗಿನ ವರ್ಗಕ್ಕೆ ಬದಲಿಸಿದರು, ಅಷ್ಟೇ.

ಸೀರೆಯ ಕಚ್ಚೆ ಹಾಕಿಕೊಂಡು ಏರಿದೆ. ಕೆಳಗೆ ಜಂತಿ ಇರುವ ಮೊಳೆಸಾಲಿನ ಮೇಲೆಯೇ ಕಾಲಿಡಬೇಕು, ಎಲ್ಲೆಂದರಲ್ಲಿ ತುಳಿದರೆ ತಗಡು ಬಾಗುತ್ತದೆಂದು ಅಪ್ಪ ಕೆಳಗೆ ನಿಂತು ಹೇಳಿಕೊಡುತ್ತಿದ್ದ. ಹಾರಿದ ತಗಡಿನ ಆಚೀಚೆಯ ಸಾಲಿನಲ್ಲಿ ಏಳೆಂಟು ಮೊಳೆಗಳು ಬೆರಳಿನಿಂದ ಎಳೆದರೆ ಕಿತ್ತುಬರುತ್ತಿದ್ದವು. ಅವುಗಳನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ. ಅಂದು ಊಟದ ಹೊತ್ತಿನಲ್ಲಿ ನಾನು ಬಾಯಿ ಬಿಟ್ಟಿದ್ದರೆ ಅರ್ಧ ದಿನದ ಕೆಲಸವಾಗಿತ್ತು.

ಅಜ್ಜಿಯ ಪಡಸಾಲೆಯಲ್ಲಿ ಅರ್ಧ ಹೊಲಿದ ಕೌದಿಯೊಂದು ಬಿದ್ದಿತ್ತು, ಬಸುರಿ ಮಗಳಿಗೆಂದು ಹಚ್ಚಿದ್ದು. ಒಂದು ದಿನ ಧೈರ್ಯ ಮಾಡಿ ಹೋಗಿ, “ನಾ ಹೊಲೀಲೇನ್ರಿ?” ಎಂದೆ. ಅವಳು ನನ್ನ ಬೆರಳುಗಳನ್ನು ನೋಡಿದಳು. ಆಮೇಲೆ ಎಡಗೈಯಿಂದ ಸೂಜಿಯ ಡಬ್ಬಿ ನನ್ನತ್ತ ತಳ್ಳಿದಳು.

ಮಳೆಗಾಲವಿಡೀ ಹೋದೆ. ಮೊದಲ ವಾರ ನಾನು ಹಾಕಿದ ಹೊಲಿಗೆಗಳನ್ನೆಲ್ಲ ಬಿಚ್ಚಿಸಿದಳು. “ದಾರ ಜಗ್ಗಬ್ಯಾಡ. ಅರಬಿ ಸುಕ್ಕಾಗ್ತೈತಿ.” ಕೆಲವು ದಿನ ಕೈ ನೋಯುತ್ತಿದ್ದಾಗ ನನ್ನನ್ನು ಬೈದಳು, ಅಪ್ಪನನ್ನೂ ಬೈದಳು. ಕೆಲವು ದಿನ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ನಾನು ಸದ್ದಿಲ್ಲದೆ ಹೊಲಿದು ಎದ್ದು ಬರುತ್ತಿದ್ದೆ. ಅವ್ವ ದಿನಾ ಎರಡು ಹೊತ್ತು ಅವಳಿಗೆ ಊಟ ಕಳಿಸುತ್ತಿದ್ದಳು. ಅಜ್ಜಿ ಅದನ್ನು ಬೇಡವೆನ್ನಲಿಲ್ಲ, ಮೆಚ್ಚಿ ಒಂದು ಮಾತನ್ನೂ ಆಡಲಿಲ್ಲ.

ದೀಪಾವಳಿಯ ಹಿಂದುಮುಂದು ಕೌದಿ ಮುಗಿಯಿತು. ಅವಳು ಅದನ್ನು ಬೆಳಕಿಗೆ ಹಿಡಿಯಲು ಹೇಳಿ, ಎಡಗೈಯಿಂದ ಮೂಲೆಯಿಂದ ಮೂಲೆಗೆ ಸವರಿದಳು. ಛಲೋ ಆಗಿದೆ ಎಂದೂ ಅನ್ನಲಿಲ್ಲ, ಕೆಟ್ಟಿದೆ ಎಂದೂ ಅನ್ನಲಿಲ್ಲ. ನಾನು ಹೊರಡುವಾಗ, “ನಿಮ್ಮಪ್ಪಗ ನಾಳೆ ಚಹಾಕ್ಕ ಬರ್ರಿ ಅಂತ ಹೇಳು,” ಎಂದಳು.

ಅಪ್ಪ ಮರುದಿನ ಸಾಲಿಯ ಕೋಟು ತೊಟ್ಟು, ರುಮಾಲು ಸುತ್ತಿಕೊಂಡು ಹೋದ. ನಾನು ನಮ್ಮ ಕಟ್ಟೆಯ ಮೇಲೆ ನಿಂತು ನೋಡಿದೆ. ಅವಳು ತನ್ನ ಕಟ್ಟೆಯ ಮೇಲೆ ಕೂತು ಎಡಗೈಯಿಂದ ಚಹಾದ ಬಟ್ಟಲು ಎತ್ತಿಕೊಟ್ಟಳು. ಅಪ್ಪ ಎರಡೂ ಕೈ ಚಾಚಿ ತೆಗೆದುಕೊಂಡ. ಇಬ್ಬರೂ ಬಹಳ ಹೊತ್ತು ಕೂತಿದ್ದರು.